ಬಂಪರಿಗೆ ಕಟ್ಟಿದ ಕೂದಲು

ಲಾರಿ, ಟೆಂಪೊಗಳ ಬಂಪರಿಗೆ ಸುತ್ತಿದ ಕರಿಯ ಹಗ್ಗವನ್ನು ನೀವೂ ನೋಡಿರುತ್ತೀರಿ. ದೃಷ್ಟಿ ತಾಗದಿರಲಿ, ಗಾಡಿಗೆ ಅಪಾಯವಾಗದಿರಲಿ ಎಂದು ಕಟ್ಟುವ ಆ ಹಗ್ಗ ಮನುಷ್ಯರ ಕೂದಲಿನದು. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಉದ್ದನೆಯ ಕೂದಲು ವಿಗ್ ಮಾಡುವುದಕ್ಕೆ ಹೊರದೇಶಕ್ಕೆ ಹೋಗುತ್ತದೆ, ಅಷ್ಟು ಬೆಲೆ ಸಿಗದ ಗಿಡ್ಡ ಕೂದಲಿನಿಂದ ಹಗ್ಗ ಹೊಸೆಯುತ್ತಾರೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ ಇಂಥ ಹಗ್ಗವನ್ನು ಸುಮಾರು ನಾಲ್ಕು ಸಾವಿರ ಮೀಟರಿನಷ್ಟು ಕೂಡಿಸಿ, ಅದರಿಂದ ಕಾರಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿದರು. ‘ಬಿಹೋಲ್ಡ್’ ಎಂಬ ಆ ಕೃತಿ 2009ರ ವೆನಿಸ್ ಬಿಯೆನಾಲೆಯಲ್ಲಿತ್ತು. ರಸ್ತೆಯಲ್ಲಿ ಬಂಪರು ಕೂದಲನ್ನು ಹೊರುತ್ತದೆ. ಅಲ್ಲಿ ಕೂದಲೇ ಬಂಪರಿನ ಭಾರ ಹೊತ್ತಿತ್ತು.

ಈ ಸಂಚಿಕೆಯನ್ನು ಮಿಶ್ರಮಾಧ್ಯಮ ಶಿಲ್ಪಕ್ಕೆ ಮೀಸಲಿಡಬೇಕೆಂದು ಹೊರಟಾಗ ನನ್ನ ಕಣ್ಣ ಮುಂದಿದ್ದದ್ದು ಈ ಹಗ್ಗವೇ. ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನ ಬಂದರೆ ಪ್ಲಾಸ್ಟಿಕ್ ಬಾಟಲಿಯ ಆನೆ, ಪ್ಲಾಸ್ಟಿಕ್ ಬಾಟಲಿಯ ಮೀನು ಅಲ್ಲಲ್ಲಿ ಎದ್ದು ನಿಲ್ಲುತ್ತವೆ. ಅವನ್ನು ಮಾಡುವ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಬಾಟಲಿಯನ್ನು ಯಾರು ಹೆಕ್ಕಿದರು, ಕಿಲೋಗೆ ಎಷ್ಟು ಸಿಕ್ಕಿತು, ಗುಜರಿಯಿಂದ ಅದು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಆನೆ ಹೇಳುವುದಿಲ್ಲ. ಕಸಕ್ಕೊಂದು ಆಕಾರ ಬಂತು, ಅಷ್ಟೇ.

ಶೀಲಾ ಗೌಡ ವಸ್ತುವಿನ ಬದುಕನ್ನು ಅಳಿಸುವುದಿಲ್ಲ. ಚಿತ್ರಕಲೆ ಓದಿದವರು ಅವರು: ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1992ರ ಕೋಮು ಹಿಂಸೆಯ ನಂತರ ಅವರಿಗೆ ಕ್ಯಾನ್‌ವಾಸು, ಎಣ್ಣೆಬಣ್ಣ ಸಾಲದಾದವು. ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವುದು, ಬೆರಣಿ ತಟ್ಟುವುದು ಹೆಂಗಸರ ದಿನನಿತ್ಯದ ದುಡಿಮೆ. ಅದೇ ಸಗಣಿ ಪೂಜೆಗೂ ಬೇಕು, ಅದರ ಪಾವಿತ್ರ್ಯ ರಾಜಕಾರಣಕ್ಕೂ ಬೇಕು. ಇಷ್ಟೂ ಅರ್ಥ ಆ ಒಂದು ಮುದ್ದೆಯೊಳಗೆ ಮೊದಲೇ ಇತ್ತು. ಮುಂದೆ ಸೂಜಿ, ದಾರ, ಕುಂಕುಮ ಬಂದವು: ಸೂಜಿಗಳಿಗೆ ಪೋಣಿಸಿದ ದಾರಗಳನ್ನು ಒಟ್ಟುಮಾಡಿ, ಅಂಟು ಬೆರೆಸಿದ ಕುಂಕುಮ ಬಳಿದಾಗ ಅವು ಕರುಳಿನಂಥ ಕೆಂಪು ಹಗ್ಗವಾದವು. ತುದಿಯಲ್ಲಿ ಸೂಜಿಗಳು ಹಾಗೇ ಉಳಿದವು, ಚುಚ್ಚುವಂತೆ.

‘ಡಾರ್ಕ್‌ರೂಮ್’ (2006) ಅವರು ಕಟ್ಟಿದ್ದು ಡಾಂಬರಿನ ಡ್ರಮ್ಮುಗಳಿಂದ. ನಮ್ಮ ರಸ್ತೆಗಳಿಗೆ ಟಾರು ಹಾಕುವ ಕೂಲಿಯವರು ಖಾಲಿ ಡ್ರಮ್ಮನ್ನು ತಟ್ಟಿ ಹಾಳೆ ಮಾಡಿ ಅದರಲ್ಲೇ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹೊರಗಿನಿಂದ ಕಂಬಗಳ ಸಾಲಿನಂತೆ ಕಾಣುವ ಈ ಕೃತಿಯೊಳಗೆ ಬಗ್ಗಿಯೇ ಹೋಗಬೇಕು. ಒಳಗೆ ಕತ್ತಲು, ಮೇಲೆ ತಗಡಿನ ಸಣ್ಣ ತೂತುಗಳಲ್ಲಿ ಬೆಳಕು ನಕ್ಷತ್ರಗಳ ಹಾಗೆ. ಕೂಲಿಯವನ ಕಷ್ಟವನ್ನು ವಿವರಿಸುವ ಫಲಕ ಅಲ್ಲಿ ಬೇಕಾಗುವುದಿಲ್ಲ, ನೋಡುವವರ ಬೆನ್ನೇ ಬಗ್ಗಿರುತ್ತದೆ.

ಕಲಾಶಾಲೆಗಳ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಜೂನ್‌ಗೆ ಮೊದಲು ವಿದ್ಯಾರ್ಥಿಗಳನ್ನು ಗುಜರಿ ಅಂಗಡಿಗೆ, ಊದುಬತ್ತಿ ಹೊಸೆಯುವ ಹೆಂಗಸರ ಮನೆಗೆ, ಟಾರು ಕಾಯಿಸುವ ಜಾಗಕ್ಕೆ ಕರೆದುಕೊಂಡು ಹೋಗಿ. ಒಂದು ದಿನವಿಡೀ ಅಲ್ಲಿ ಕೂರಿಸಿ. ಅವರು ಅಲ್ಲಿಂದ ಏನನ್ನು ಎತ್ತಿಕೊಂಡು ಬಂದರು, ಯಾಕೆ ಎಂದು ನಮಗೆ ಬರೆಯಿರಿ. ಬಂದ ಬರಹಗಳಿಗೆ ಈ ಪತ್ರಿಕೆಯಲ್ಲಿ ಜಾಗವಿದೆ.