ಗಣಕಯಂತ್ರದಿಂದ ಕೈದೂರವಾಣಿಗೆ ಬರೆವ ಓಲೆ



ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಆಸುಪಾಸಿನಲ್ಲಿ ನಮ್ಮ ಸಮಾಜದ ಮನೆಗಳು ಅಲ್ಲೊಂದು ಇಲ್ಲೊಂದು. ಬಸರೂರು, ಬಾರಕೂರುಗಳು ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಿಂದಲೂ ನಮ್ಮ ಬಂಧುಬಳಗದ ಬೇರು ಘಟ್ಟದ ಮೇಲೆ, ಕೊಂಬೆ ಘಟ್ಟದ ಕೆಳಗೆ. ಆದುದರಿಂದ ಶುಭವಾಗಲಿ ಅಶುಭವಾಗಲಿ, ಸುದ್ದಿಯು ಘಟ್ಟ ಹತ್ತಿ ಇಳಿಯಬೇಕು. ಅದರಲ್ಲೂ ಲಿಂಗೈಕ್ಯದ ವಾರ್ತೆಗೆ ತಾಳ್ಮೆಯಿಲ್ಲ. ನಮ್ಮಲ್ಲಿ ಸಮಾಧಿ ಕ್ರಿಯೆಯನ್ನು ಅಂದೋ ಮರುದಿನವೋ ಪೂರೈಸುವುದು ವಾಡಿಕೆ. ಒಂದು ಕಾಲದಲ್ಲಿ ಅದಕ್ಕೆ ತಂತಿಯಿತ್ತು. ಕೊನೆಯ ತಂತಿಗಳನ್ನು 2013ರ ಜುಲೈ 14ರಂದು ಸ್ವೀಕರಿಸಿ ಆ ಸೇವೆಯನ್ನು ದೇಶದಾದ್ಯಂತ ಮುಚ್ಚಲಾಯಿತು. ಆ ವೇಳೆಗೆ ಅದರ ಸ್ಥಾನವನ್ನು ಕೈದೂರವಾಣಿಯ ಕಿರುಸಂದೇಶವು ಆಕ್ರಮಿಸಿಕೊಂಡಾಗಿತ್ತು.

ಈ ಕಿರುಸಂದೇಶದ ಹುಟ್ಟೇ ಗಣಕಯಂತ್ರದಲ್ಲಿ ಎಂಬುದು ಅನೇಕರಿಗೆ ತಿಳಿಯದು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರು ಗಣಕಯಂತ್ರದ ಕೀಲಿಮಣೆಯಲ್ಲಿ ಕ್ರಿಸ್ಮಸ್ ಶುಭಾಶಯವನ್ನು ಒತ್ತಿ, ವೊಡಾಫೋನ್ ಸಂಸ್ಥೆಯ ರಿಚರ್ಡ್ ಜಾರ್ವಿಸ್ ಅವರ ದೂರವಾಣಿಗೆ ಕಳುಹಿಸಿದರು. ಅಂದಿನ ಆ ಉಪಕರಣದಲ್ಲಿ ಸಂದೇಶವನ್ನು ಓದಬಹುದಿತ್ತೇ ಹೊರತು ಬರೆಯುವಂತಿರಲಿಲ್ಲ.

ಒಂದು ಸಂದೇಶಕ್ಕೆ ದೊರೆಯುವ ಜಾಗ 140 ಬೈಟುಗಳು. ರೋಮನ್ ಲಿಪಿಯಾದರೆ ಅಷ್ಟರಲ್ಲಿ 160 ಅಕ್ಷರಗಳು ಹಿಡಿಸುತ್ತವೆ, ಕನ್ನಡಕ್ಕೆ ಉಳಿಯುವುದು 70 ಮಾತ್ರ. ಆ ಎಪ್ಪತ್ತೂ ನಾವು ಶಾಲೆಯಲ್ಲಿ ಎಣಿಸಿದ ಅಕ್ಷರಗಳಲ್ಲ. 'ಲಿಂಗೈಕ್ಯ' ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರವಾದರೋ ಗುಣಿತ, ಸೊನ್ನೆ, ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಲೆಕ್ಕಹಾಕಿ ಎಂಟು ಎನ್ನುತ್ತದೆ. ಮಿತಿ ಮೀರಿದರೆ ಸಂದೇಶವು ತುಂಡಾಗುತ್ತದೆ, ದರವೂ ತುಂಡಿನ ಲೆಕ್ಕದಲ್ಲಿ ಏರುತ್ತದೆ. ಹಳೆಯ ಉಪಕರಣಗಳಲ್ಲಿ ಕನ್ನಡವು ಬರಿಯ ಚೌಕಗಳಾಗಿ ಮೂಡುತ್ತಿದ್ದುದರಿಂದ ಜನರು ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವ ಚಾಳಿಗೆ ಬಿದ್ದರು. ಅಲ್ಲಿ ಕಳೆಯೂ ಕಲೆಯೂ ಒಂದೇ!

ಕಳೆಯ ಮಾತು ಬಂದಿತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬ್ರಹ್ಮಾವರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವು ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದುದು. 2013ರ ಜುಲೈ 16ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಉದ್ಘಾಟಿಸಿದ 'ಎಂ-ಕಿಸಾನ್' ವ್ಯವಸ್ಥೆಯ ಉದ್ದೇಶವೇ, ಇಂತಹ ಕೇಂದ್ರದ ತಜ್ಞರು ಮೇಜಿನ ಮುಂದೆ ಕುಳಿತು ಗಣಕಯಂತ್ರದಲ್ಲಿ ಬರೆದ ಸಲಹೆಯು ನೋಂದಾಯಿಸಿದ ರೈತರ ಕೈದೂರವಾಣಿಗೆ ತಲುಪಬೇಕೆಂಬುದು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕಷ್ಟೆ. ನೂರು ಲೀಟರು ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ: ಇಷ್ಟನ್ನು ತಿಳಿಸಲು ಒಂದು ಕಿರುಸಂದೇಶ ಸಾಕು. ಅದು ಎಂಟು ದಿನ ತಡವಾದರೆ ವರ್ಷದ ಫಸಲಿಗೇ ಸಂಚಕಾರ. ಗಂಗೊಳ್ಳಿಯಂತಹ ಬಂದರುಗಳ ಮೀನುಗಾರರಿಗಾಗಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಅಲೆ ಹಾಗೂ ಮೀನಿನ ನೆಲೆಗಳ ಸೂಚನೆಗಳನ್ನು ಇದೇ ಹಾದಿಯಲ್ಲಿ ಕಳುಹಿಸುತ್ತ ಬಂದಿದೆ. 2023ರ ಅಕ್ಟೋಬರ್ 12ರಂದು ರಾಜ್ಯದ ದೂರವಾಣಿಗಳೆಲ್ಲ ಒಮ್ಮೆಲೇ ಬೊಬ್ಬಿಟ್ಟು ನಮ್ಮನ್ನು ಬೆಚ್ಚಿಬೀಳಿಸಿದ ಪ್ರಯೋಗವು ಮಾತ್ರ ಬೇರೆ ಬಗೆಯದು. ಅದು ಗೋಪುರವು ಸುತ್ತಲಿನ ಎಲ್ಲರಿಗೂ ಸಾರುವ ಡಂಗುರ, ಹೆಸರು ಬರೆದ ಓಲೆಯಲ್ಲ.

ಇನ್ನು ನಮ್ಮ ಮನೆಯ ಸಂಗತಿ. 2011ರ ಡಿಸೆಂಬರಿನಲ್ಲಿ ಬೈಂದೂರಿನ ಸಮೀಪ ನಮ್ಮ ದೊಡ್ಡಪ್ಪನವರು ರಾತ್ರಿಯ ಹೊತ್ತು ಲಿಂಗೈಕ್ಯರಾದರು. ಬೆಂಗಳೂರಿನಲ್ಲಿದ್ದ ತಮ್ಮನ ಮಗನು ಹತ್ತು ಗಂಟೆಯ ಸುಮಾರಿಗೆ ಗಣಕಯಂತ್ರದ ಮುಂದೆ ಕುಳಿತು, ಉಚಿತವಾಗಿ ಸಂದೇಶ ಕಳುಹಿಸುವ ಅಂತರ್ಜಾಲ ತಾಣವೊಂದರಿಂದ ಮೂವತ್ತೆರಡು ಮನೆಗಳಿಗೆ ವಾರ್ತೆಯನ್ನು ರವಾನಿಸಿದನು. 'ಕಳುಹಿಸಲಾಗಿದೆ' ಎಂದು ತೆರೆಯ ಮೇಲೆ ಮೂಡಿತು. ಸಂದೇಶ ಹೋಗಿದೆಯಲ್ಲ ಎಂದು ನಾವಾರೂ ಕರೆ ಮಾಡಲಿಲ್ಲ.

ಆ ವರ್ಷ ಸೆಪ್ಟೆಂಬರ್ 27ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ಕಟ್ಟಳೆ ಜಾರಿಗೆ ಬಂದಿತ್ತು. ಜಾಹೀರಾತು ಸಂದೇಶಗಳ ಉಪಟಳವನ್ನು ತಡೆಯುವುದೇ ಅದರ ಆಶಯ. ಅಂತಹವನ್ನು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ಕಳುಹಿಸಕೂಡದು, ಬೇಡವೆಂದು ನೋಂದಾಯಿಸಿದವರಿಗೆ ಎಂದಿಗೂ ಕಳುಹಿಸಕೂಡದು. ಕಟ್ಟಳೆ ಸರಿಯಾದುದೇ. ಆದರೆ ಉಚಿತ ತಾಣದಿಂದ ಹೊರಟ ಓಲೆಯೂ ಅದೇ ಜರಡಿಗೆ ಬಿದ್ದಿತು. ಸಾವಿನ ಸುದ್ದಿಗೂ ಸೀರೆ ಮಾರಾಟದ ಸುದ್ದಿಗೂ ಯಂತ್ರವು ಭೇದವೆಣಿಸೀತೇ?

ಮರುದಿನ ಒಂಬತ್ತಕ್ಕೆ ಕೆಲವರಿಗೆ ಸಂದೇಶ ತಲುಪಿತು. ಹೊಸನಗರದಲ್ಲಿದ್ದ ಸೋದರತ್ತೆ, ದೊಡ್ಡಪ್ಪನವರ ಒಬ್ಬಳೇ ತಂಗಿ, ಜಾಹೀರಾತಿನ ಕಾಟ ತಾಳದೆ ನೋಂದಾಯಿಸಿಕೊಂಡವಳು. ಅವಳಿಗೆ ಬರಲೇ ಇಲ್ಲ. ಹನ್ನೊಂದರ ಹೊತ್ತಿಗೆ ಶಿವಮೊಗ್ಗದ ನೆಂಟರೊಬ್ಬರು 'ಯಾವ ಬಸ್ಸಿಗೆ ಹೊರಡುತ್ತೀರಿ?' ಎಂದು ಕೇಳಿದಾಗಲೇ ಅವಳಿಗೆ ಅಣ್ಣನ ಸಾವು ತಿಳಿದುದು. ನಾಗೋಡಿ ಘಟ್ಟ ಇಳಿದು ಕೊಲ್ಲೂರಿನ ಮೇಲೆ ಬರುವಷ್ಟರಲ್ಲಿ ಗಂಟೆ ನಾಲ್ಕು. ಎರಡಕ್ಕೇ ಕ್ರಿಯೆ ಮುಗಿದಿತ್ತು. ಅವಳು ಯಾರನ್ನೂ ದೂರಲಿಲ್ಲ. ಹಸಿಮಣ್ಣಿನ ಮೇಲೆ ಪತ್ರೆಯಿಟ್ಟು, 'ಒಂದು ಕರೆ ಮಾಡಲು ಕೈ ಬರಲಿಲ್ಲವೇ?' ಎಂದಷ್ಟೇ ಕೇಳಿದಳು.

ಕಟ್ಟಳೆಗಳು ಆಮೇಲೆ ಇನ್ನೂ ಬಿಗಿಯಾದವು. 2012ರ ಆಗಸ್ಟ್‌ನಲ್ಲಿ ಸುಳ್ಳು ಸಂದೇಶಗಳಿಂದ ಭಯಗೊಂಡ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರನ್ನು ತೊರೆದಾಗ, ಕೇಂದ್ರ ಸರಕಾರವು ಒಟ್ಟಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸದಂತೆ ಕೆಲವು ದಿನ ನಿರ್ಬಂಧಿಸಿತು. 2018ರ ನಿಯಮಾವಳಿಯ ಮೇರೆಗೆ ಈಗ ಮಠವಾಗಲಿ ಸಂಘವಾಗಲಿ ಗಣಕಯಂತ್ರದಿಂದ ಸಾಮೂಹಿಕವಾಗಿ ಕಿರುಸಂದೇಶ ಕಳುಹಿಸಬೇಕಾದರೆ ತನ್ನ ಹೆಸರನ್ನೂ ಒಕ್ಕಣೆಯ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಬಸವ ಜಯಂತಿಯ ಆಹ್ವಾನವನ್ನು ಹಿಂದಿನ ಸಂಜೆ ನೆನಪಿಸಿಕೊಳ್ಳುವ ಕಾರ್ಯದರ್ಶಿಗಳು ಇದನ್ನು ಗಮನಿಸಬೇಕು! ಮನೆಯವರಿಗೆ ಈ ತೊಡಕಿಲ್ಲ. ತಮ್ಮ ಕೈದೂರವಾಣಿಯನ್ನೇ ಗಣಕಯಂತ್ರಕ್ಕೆ ಜೋಡಿಸಿ, ದೊಡ್ಡ ಕೀಲಿಮಣೆಯಲ್ಲಿ ಬರೆದು ಕಳುಹಿಸುವ ಏರ್ಪಾಡು 2018ರಿಂದ ಗೂಗಲ್‌ನಲ್ಲೂ ಇದೆ. ಓಲೆಯು ಹೊರಡುವುದು ನಿಮ್ಮದೇ ಸಂಖ್ಯೆಯಿಂದ. ಕಣ್ಣು ಮಂಜಾದ ಹಿರಿಯರಿಗೆ ಇದು ನಿಜಕ್ಕೂ ಉಪಕಾರಿ.

ನಮ್ಮ ಬಳಗದಲ್ಲಿ ಈಗ ಒಂದು ಪಟ್ಟಿಯಿದೆ. ಪ್ರತಿ ಶ್ರಾವಣದಲ್ಲಿ ಸಂಖ್ಯೆಗಳನ್ನು ತಿದ್ದುತ್ತೇವೆ. ಸಂದೇಶವನ್ನು ಗಣಕಯಂತ್ರದಿಂದಲೇ ಕಳುಹಿಸುತ್ತೇವೆ. ಅದರ ಬೆನ್ನಿಗೇ ಒಬ್ಬೊಬ್ಬರು ಮೂರು ಮೂರು ಮನೆಗಳಿಗೆ ಕರೆ ಮಾಡಿ, ಅತ್ತ ಕಡೆಯ ದನಿ ಕೇಳಿದ ಮೇಲೆಯೇ ಆ ಹೆಸರಿನ ಮುಂದೆ ಗೆರೆ ಎಳೆಯುತ್ತೇವೆ. ಪಟ್ಟಿಯಲ್ಲಿ ಮೊದಲ ಹೆಸರು ಹೊಸನಗರದ ಅತ್ತೆಯದು.