ಹೊಳೆ ಬದಿಯಲ್ಲಿ ನಿಂತು ರೈಲು ನೋಡುವುದು

ನಮ್ಮ ಮೂಡುಬಿದಿರೆಗೆ ರೈಲಿಲ್ಲ. ಹಾಗಾಗಿ ಇಲ್ಲಿನ ಮಕ್ಕಳಿಗೆ ರೈಲು ಅಂದರೆ ಹತ್ತುವುದು, ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವುದು, ಇಳಿಯುವುದು. ಆದರೆ ಒಳಗೆ ಕೂತವರಿಗೆ ರೈಲು ಕಾಣುವುದಿಲ್ಲವಲ್ಲ! ಹೊರಗೆ ನಿಂತು ನೋಡುವ ಸುಖವೇ ಬೇರೆ.

ಅದಕ್ಕೆ ಒಳ್ಳೆಯ ಕಾಲ ಈಗಿನ ಬೊಂತೆಲ್ ತಿಂಗಳು. ಆಟಿಯಲ್ಲಿ ಕೆಂಪಾಗಿ ಹರಿದ ನೇತ್ರಾವತಿ ಈಗ ತಿಳಿಯಾಗಿದ್ದಾಳೆ. ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಬಸ್ಸು, ಅಲ್ಲಿಂದ ಬಿ.ಸಿ.ರೋಡು. (ಬಿ.ಸಿ. ಅಂದರೆ ಬಂಟ್ವಾಳ ಕ್ರಾಸ್. ಗೊತ್ತಿಲ್ಲದ ದೊಡ್ಡವರೂ ಇದ್ದಾರೆ.) ಬಂಟ್ವಾಳ ನಿಲ್ದಾಣ ಬಿಟ್ಟ ರೈಲು ಕಬಕ ಪುತ್ತೂರಿಗೆ ಹೋಗುವಾಗ ನೇತ್ರಾವತಿಯನ್ನು ದಾಟುತ್ತದೆ.

ಮೊನ್ನೆ ಭಾನುವಾರ ಐದನೇ ಕ್ಲಾಸಿನ ಮೊಮ್ಮಗಳ ಜೊತೆ ಆ ದಡದಲ್ಲಿ ನಡೆದೆ. ಒಂದು ಗಂಟೆ ಒಂದೂ ರೈಲಿಲ್ಲ. "ಅಜ್ಜ, ಇವತ್ತು ರೈಲಿಗೂ ರಜೆಯಾ?" ಅಂದಳು. ಅಷ್ಟರಲ್ಲಿ ಗೂಡ್ಸ್ ಬಂತು. ಸೇತುವೆಗೆ ಹತ್ತಿದ ಕೂಡಲೇ ಅದರ ಸದ್ದೇ ಬದಲಾಯಿತು. ಅವಳ ಲೆಕ್ಕದಲ್ಲಿ 42 ವ್ಯಾಗನ್, ನನ್ನ ಲೆಕ್ಕದಲ್ಲಿ 41. ಇಬ್ಬರೂ ಬಿಟ್ಟುಕೊಡಲಿಲ್ಲ.

"ಇನ್ನು ಹೋಗುವ" ಅಂದಳು. ಸ್ವಲ್ಪ ನಿಲ್ಲು ಅಂದೆ. ಇದು ಒಂಟಿ ಹಳಿಯ ದಾರಿ. ಎದುರು ಬರುವ ರೈಲು ಯಾವುದಾದರೂ ನಿಲ್ದಾಣದಲ್ಲಿ ಬದಿಗೆ ನಿಂತು, ಇದು ದಾಟಿದ ಮೇಲೆಯೇ ಹೊರಡಬೇಕು. ಆದ್ದರಿಂದ ಒಂದು ಆ ಕಡೆ ಹೋದರೆ ಇನ್ನೊಂದು ಈ ಕಡೆ ಬರುವ ಸಂಭವ ಹೆಚ್ಚು. ಹಾಗೆಯೇ ಆಯಿತು. ಈ ಸಲ ಪ್ಯಾಸೆಂಜರ್. ಯಾರೋ ಒಂದು ಮಗು ಕೈಬೀಸಿತು, ಇವಳು ಎರಡೂ ಕೈ ಬೀಸಿದಳು.

ಈ ದಾರಿಗೆ ಕಾಯುವುದು ಹೊಸತಲ್ಲ. ಮಂಗಳೂರು–ಹಾಸನ ಹಳಿ ಪೂರ್ತಿಯಾದದ್ದು 1979ರಲ್ಲಿ, ಮೀಟರ್ ಗೇಜಿನಲ್ಲಿ. ಹಳಿಗಳ ನಡುವೆ ಬರೀ 1000 ಮಿಲಿಮೀಟರ್. ಅದನ್ನು 1676 ಮಿಲಿಮೀಟರಿನ ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಘಟ್ಟದ ರೈಲು ನಿಲ್ಲಿಸಿದರು. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗ, 50 ಅಡಿಗೆ ಒಂದಡಿ ಏರು, ಸುಲಭದ ಕೆಲಸವೇ? ಗೂಡ್ಸ್ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಿಲ್ಲಿಸಿದಾಗ ಒಂದನೇ ಕ್ಲಾಸಿನಲ್ಲಿದ್ದ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿತ್ತು. "ಇನ್ನು ಬರಲಿಕ್ಕಿಲ್ಲ ಮಾರಾಯ್ರೆ" ಅಂದವರೇ ಜಾಸ್ತಿ. ಬೆಂಗಳೂರಿನಲ್ಲಿದ್ದ ಮಕ್ಕಳು ಹಬ್ಬಕ್ಕೆ ಊರಿಗೆ ಬರಲು ಅಷ್ಟು ವರ್ಷವೂ ಘಾಟಿಯ ಬಸ್ಸೇ ಗತಿ. ತಲೆಸುತ್ತು, ವಾಂತಿ ಬೇರೆ.

ಜಪಾನಿನಲ್ಲಿ ಅಕ್ಟೋಬರ್ 14ನ್ನು ರೈಲ್ವೆ ದಿನ ಎಂದೇ ಆಚರಿಸುತ್ತಾರೆ. 1872ರಲ್ಲಿ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಅಲ್ಲಿಯ ಮೊದಲ ರೈಲುಮಾರ್ಗ ತೆರೆದ ದಿನ ಅದು. ನಮ್ಮದು ಅದಕ್ಕಿಂತ ಹಿರಿಯದು: 1853ರ ಏಪ್ರಿಲ್ 16, ಬೊಂಬಾಯಿಯಿಂದ ಠಾಣೆಗೆ. ಮೊಮ್ಮಗಳು ಕೇಳಿದಳು, "ಹಾಗಾದರೆ ನಮಗೆ ಯಾಕೆ ರೈಲ್ವೆ ರಜೆ ಇಲ್ಲ?" ಈ ಪ್ರಶ್ನೆ ಅವಳ ಟೀಚರಿಗೆ ಬಿಟ್ಟಿದ್ದೇನೆ.

ನೀವೂ ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗಿ. ದಡದಲ್ಲೇ ನಿಲ್ಲಿ, ಹಳಿ, ರೈಲು ಸೇತುವೆ ಹತ್ತಿರ ಬೇಡ. ವ್ಯಾಗನ್ ಎಣಿಸುವಾಗ ಎಂಜಿನ್ ಸೇರಿಸಬೇಡಿ.