ಬಾಣಂತನದ ಮೂರು ತಿಂಗಳು, ಮಗುವಿನ ಕಿವಿ

ಶ್ರವಣ ತಜ್ಞರ ಬಳಿ ಒಂದು ಲೆಕ್ಕವಿದೆ: ಒಂದು, ಮೂರು, ಆರು. ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ದೋಷ ಕಂಡರೆ ಆರು ತಿಂಗಳೊಳಗೆ ಚಿಕಿತ್ಸೆ, ತರಬೇತಿ. ನಮ್ಮ ಮನೆಗಳಲ್ಲೂ ಒಂದು ಲೆಕ್ಕವಿದೆ: ಬಾಣಂತನ ಮೂರು ತಿಂಗಳು, ಚೊಚ್ಚಲಾದರೆ ಐದೂ ಆದೀತು. ಅಷ್ಟು ದಿನ ಬಾಣಂತಿ ತವರಿನ ಹೊಸಿಲು ದಾಟುವಂತಿಲ್ಲ, ಕೂಸಿಗೆ ಗಾಳಿ ಸೋಕುವಂತಿಲ್ಲ. ಮೈಸೂರಿನಲ್ಲಿ ಹೆರಿಗೆಯಾಗಿ ಹುಣಸೂರಿಗೋ ಹೆಗ್ಗಡದೇವನಕೋಟೆಗೋ ಹೋದ ಕೂಸು ಮತ್ತೆ ನಗರಕ್ಕೆ ಬರುವ ಹೊತ್ತಿಗೆ ತಜ್ಞರ ಗಡುವು ದಾಟಿರುತ್ತದೆ. ಈ ಎರಡು ಲೆಕ್ಕಗಳನ್ನು ಹೊಂದಿಸಬಲ್ಲವರು ಒಬ್ಬರೇ, ಹೆರಿಗೆ ವಾರ್ಡಿನ ನರ್ಸ್. ತಂಡವಾಗಿ ಕೆಲಸ ಮಾಡುವ ಮಾತು ಆಸ್ಪತ್ರೆಗಳಲ್ಲಿ ಬಹಳ ಕೇಳಿಬರುತ್ತದೆ. ಆದರೆ ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯಲ್ಲಿ ನರ್ಸ್ ಮಾತಿಗೆ ತೂಕವಿಲ್ಲದಿದ್ದರೆ ಆ ತಂಡ ಗೋಡೆಯ ಮೇಲಿನ ಬೋರ್ಡಿಗಷ್ಟೇ ಸೀಮಿತ ಎಂಬುದು ನನ್ನ ವಾದ.

ಮೈಸೂರನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿನ ಮಾನಸಗಂಗೋತ್ರಿಯಲ್ಲಿದೆ. ಊರಿನವರ ಬಾಯಲ್ಲಿ ಅದು ಆಯಿಷ್. ಇಎನ್‌ಟಿ ವೈದ್ಯರು, ಆಡಿಯಾಲಜಿಸ್ಟ್, ಮಾತಿನ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಆವರಣದಲ್ಲಿ ಸಿಗುವ ಊರು ದೇಶದಲ್ಲಿ ಅಪರೂಪ. ನಗರದ ಆಸ್ಪತ್ರೆಗಳಿಗೆ ಹೋಗಿ ನವಜಾತ ಶಿಶುಗಳ ಕಿವಿ ಪರೀಕ್ಷಿಸುವುದೂ ಆ ಸಂಸ್ಥೆಯ ಕೆಲಸಗಳಲ್ಲಿ ಒಂದು. ಪರೀಕ್ಷೆಯೇನೋ ಸರಳ. ಬಟಾಣಿ ಕಾಳಿನಷ್ಟು ಮೆತ್ತನೆಯ ತುದಿಯನ್ನು ಕೂಸಿನ ಕಿವಿಗಿಟ್ಟು ಸಣ್ಣ ಸದ್ದು ಬಿಡುತ್ತಾರೆ. ಒಳಗಿವಿ ಸರಿಯಿದ್ದರೆ ಅಲ್ಲಿಂದ ಕ್ಷೀಣವಾದ ಮರುದನಿ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೂಸು ಅತ್ತರೆ, ಪಕ್ಕದ ಮಂಚದಲ್ಲಿ ಫೋನ್ ಬಡಿದುಕೊಂಡರೆ, ಪರೀಕ್ಷೆ ಕೆಟ್ಟಿತು. ಹುಟ್ಟಿದ ಮೊದಲ ದಿನ ಕಿವಿಯಲ್ಲಿ ಗರ್ಭದ ನೀರು, ಲೋಳೆ ಉಳಿದಿದ್ದರೂ ಫಲಿತಾಂಶ ತಪ್ಪುತ್ತದೆ. ಯಾವ ಕೂಸು ಈಗ ತಾನೇ ಹಾಲು ಕುಡಿದು ಮಲಗಿದೆ, ಯಾರಿಗೆ ನಾಳೆ ಡಿಸ್ಚಾರ್ಜ್ ಎಂಬುದು ಯಂತ್ರ ಹಿಡಿದು ಬಂದವರಿಗೆ ಗೊತ್ತಿರುವುದಿಲ್ಲ. ಸಿಸ್ಟರ್‌ಗೆ ಗೊತ್ತು.

ಸಿಸ್ಟರ್‌ನ ಈ ಪಾತ್ರವನ್ನು ಬರಿಯ ಸಹಾಯ ಎಂದುಕೊಂಡರೆ ತಪ್ಪಾಗುತ್ತದೆ. ತೀವ್ರ ಕಾಮಾಲೆಯಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ ಕೂಸಿನ ಒಳಗಿವಿ ಚೆನ್ನಾಗಿದ್ದು, ಮಿದುಳಿಗೆ ಸದ್ದು ಒಯ್ಯುವ ನರಕ್ಕೆ ಪೆಟ್ಟಾಗಿರಬಹುದು. ಆಗ ಈ ಯಂತ್ರ ‘ಪಾಸ್’ ಎಂದೇ ತೋರಿಸುತ್ತದೆ. ಅಂಥ ಮಕ್ಕಳಿಗೆ ನರದ ಸ್ಪಂದನ ಅಳೆಯುವ ಬೇರೆ ಪರೀಕ್ಷೆಯೇ ಬೇಕು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳೂ ಕಿವಿಗೆ ಅಪಾಯ ತರಬಲ್ಲವು. ಕಾಮಾಲೆಯ ಅಳತೆಯಾದ ಬಿಲಿರುಬಿನ್ ಎಷ್ಟಕ್ಕೇರಿತ್ತು, ಇಂಜೆಕ್ಷನ್ ಎಷ್ಟು ದಿನ ನಡೆಯಿತು ಎಂಬುದೆಲ್ಲ ನರ್ಸ್ ಪಾಳಿಗೊಮ್ಮೆ ತುಂಬುವ ಚಾರ್ಟಿನಲ್ಲಿದೆ. ಆ ಚಾರ್ಟು ಆಡಿಯಾಲಜಿಸ್ಟ್ ಕಣ್ಣಿಗೆ ಬೀಳದಿದ್ದರೆ ‘ಪಾಸ್’ ಎಂಬ ಎರಡಕ್ಷರವೇ ಮಗುವಿಗೆ ಮುಳುವಾಗುತ್ತದೆ.

ಇನ್ನು ‘ರೆಫರ್’. ಯಂತ್ರದ ಭಾಷೆಯಲ್ಲಿ ಅದರ ಅರ್ಥ ಮತ್ತೊಮ್ಮೆ ಪರೀಕ್ಷಿಸಿ ಎಂದಷ್ಟೆ. ನಮ್ಮ ಜನರ ಕಿವಿಯಲ್ಲಿ ರೆಫರ್ ಎಂದರೆ ಕೇಸು ಕೈಮೀರಿತು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು ಎಂದು. ತಾಯಿ ಬೆಚ್ಚಿಬೀಳುತ್ತಾಳೆ. ‘ನಮ್ಮನೆ ಗಂಡುಮಕ್ಕಳೆಲ್ಲ ಮಾತಾಡಿದ್ದು ತಡವಾಗೇ’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಫೈಲಿನಲ್ಲಿರುವ ಫೋನ್ ನಂಬರು ಗಂಡನದು, ಕೂಸಿರುವುದು ತವರಿನಲ್ಲಿ. ಮರುಪರೀಕ್ಷೆಗೆ ಬಾರದೆ ಕೈತಪ್ಪುವ ಮಕ್ಕಳು ನವಜಾತ ಶಿಶುಗಳ ಕಿವಿ ತಪಾಸಣೆ ಇರುವ ದೇಶಗಳಲ್ಲೆಲ್ಲ ತಲೆನೋವು. ಆದರೆ ಬಾಣಂತನದ ನಡುವೆಯೂ ಕೂಸನ್ನು ಹೊರಗೆ ತರುವ ಒಂದು ದಿನವಿದೆ. ಅದು ಆರನೇ ವಾರದ ಚುಚ್ಚುಮದ್ದಿನ ದಿನ. ಮರುಪರೀಕ್ಷೆಯನ್ನು ಆ ದಿನಕ್ಕೆ ಗಂಟು ಹಾಕಿ, ತಾಯಿ ಕಾರ್ಡಿನಲ್ಲಿ ಎದ್ದುಕಾಣುವಂತೆ ಬರೆದು, ತವರಿನ ಕಡೆಯ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ತಜ್ಞರ ಪಠ್ಯ ಬೇಕಿಲ್ಲ. ವಾರ್ಡಿನಲ್ಲಿ ಹತ್ತು ವರ್ಷ ಕಳೆದ ನರ್ಸನ್ನು ಕೇಳಿದರೆ ನಿಂತಲ್ಲೇ ಹೇಳಿಯಾಳು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಮುಂದಿರುತ್ತದೆ ಎಂದು ಅಮೆರಿಕದ ಕೊಲರಾಡೊ ರಾಜ್ಯದ ಅಧ್ಯಯನ 1998ರಲ್ಲೇ ತೋರಿಸಿದೆ. ಹಾಗಾಗಿ ಈ ಒಂದು ಫೋನ್ ಕರೆ ಸಣ್ಣ ವಿಷಯವಲ್ಲ.

ನರ್ಸ್ ಬಾಯಿ ತೆರೆದರೆ ನಿಜಕ್ಕೂ ಫಲಿತಾಂಶ ಬದಲಾಗುತ್ತದೆಯೇ? ಆಪರೇಷನ್ ಥಿಯೇಟರಿನ ಉದಾಹರಣೆ ನೋಡಿ. ಶಸ್ತ್ರಚಿಕಿತ್ಸೆಯ ಬೇರೆ ಬೇರೆ ಹಂತಗಳಲ್ಲಿ ಸರ್ಜನ್, ಅರಿವಳಿಕೆ ತಜ್ಞರು, ನರ್ಸ್ ಮೂವರೂ ನಿಂತು 19 ಅಂಶಗಳನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದರು. 2009ರಲ್ಲಿ ಬಂದ ಆ ವರದಿಯ ಪ್ರಕಾರ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡಬೇಕು. ಕೆನಡಾದ ಒಂಟಾರಿಯೊದಲ್ಲಿ ಅದೇ ಪಟ್ಟಿಯನ್ನು ಕಡ್ಡಾಯ ಮಾಡಿದ ಮೇಲೆ 101 ಆಸ್ಪತ್ರೆಗಳ ಅಂಕಿ ಅಂಶ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2014ರ ಈ ಅಧ್ಯಯನವನ್ನು ಪಟ್ಟಿಯ ಸೋಲೆಂದು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ: ಮೇಲಿನಿಂದ ಆದೇಶ ಬಂದಾಗ ಟಿಕ್ ಹಾಕುವುದು ಸುಲಭ, ‘ಸ್ವಲ್ಪ ತಡೆಯಿರಿ ಸರ್’ ಎಂದು ನರ್ಸ್ ಹೇಳಿದಾಗ ಸರ್ ತಡೆಯುವುದು ಕಷ್ಟ. ನಮ್ಮಲ್ಲೂ ಫಾರಂಗಳಿಗೆ ಬರವಿಲ್ಲ.

ಕಾನೂನಿನ ಹೊಣೆ ವೈದ್ಯರದು, ಹೀಗಿರುವಾಗ ಅಧಿಕಾರ ಹಂಚಿಕೊಳ್ಳುವುದು ಹೇಗೆ ಎಂದು ಕೇಳುವವರಿದ್ದಾರೆ. ನಿರ್ಧಾರ ವೈದ್ಯರದೇ ಇರಲಿ. ಮಾಹಿತಿ ಕೊಡುವ, ಅನುಮಾನವನ್ನು ದಾಖಲಿಸುವ ಹಕ್ಕು ನರ್ಸ್‌ಗಿದ್ದರೆ ಹೊಣೆ ಹೊತ್ತವರಿಗೇ ಲಾಭ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ನರ್ಸ್‌ಗೆ ಪುರುಸೊತ್ತೆಲ್ಲಿದೆ? ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೊಬ್ಬ ನರ್ಸ್ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದು ಕಾಗದದ ಮೇಲಿನ ಮಾತು ಎಂಬುದನ್ನು ಸರ್ಕಾರಿ ವಾರ್ಡ್ ಹೊಕ್ಕವರಿಗೆ ಬಿಡಿಸಿ ಹೇಳಬೇಕಿಲ್ಲ. ನೇಮಕಾತಿಗೆ ಬದಲಿಯಾಗಿ ತಂಡದ ಮಾತು ಆಡಿದರೆ ಅದು ವಂಚನೆಯೇ ಸರಿ. ಆದರೆ ಹೆಸರು ಕೂಗುವುದು, ಔಷಧ ಇಂಡೆಂಟ್ ಬರೆಯುವುದು, ಒಂದೇ ವಿವರವನ್ನು ನಾಲ್ಕು ರಿಜಿಸ್ಟರಿಗೆ ತುಂಬುವುದು, ಇವುಗಳಲ್ಲಿ ಕೆಲವನ್ನಾದರೂ ಗುಮಾಸ್ತರಿಗೆ ಬಿಟ್ಟುಕೊಟ್ಟರೆ ಸಿಗುವ ಅರ್ಧ ಗಂಟೆ ಎಲ್ಲಿ ಹೋಗಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಒಂದೊಂದು ವೃತ್ತಿಗೂ ಒಂದೊಂದು ಕಾನೂನು: ವೈದ್ಯರಿಗೆ 2019ರ ಕಾಯ್ದೆ, ಆಡಿಯಾಲಜಿಸ್ಟ್‌ಗಳಿಗೆ 1992ರ ಪುನರ್ವಸತಿ ಪರಿಷತ್ ಕಾಯ್ದೆ, ನರ್ಸ್‌ಗಳಿಗೆ 1947ರದು. ಅದರ ಜಾಗಕ್ಕೆಂದು 2023ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ಇವರನ್ನೆಲ್ಲ ಒಂದೇ ಬೆಂಚಿನಲ್ಲಿ ಕೂರಿಸಲು ಇನ್ನೊಂದು ಕಾಯ್ದೆಗೆ ಕಾಯಬೇಕಿಲ್ಲ. ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜು, ಆಯಿಷ್ ಮೂರೂ ಒಂದೇ ಊರಿನಲ್ಲಿವೆ. ತಿಂಗಳಿಗೊಂದು ಮಧ್ಯಾಹ್ನ ಮೂರೂ ಕಡೆಯ ವಿದ್ಯಾರ್ಥಿಗಳು ಒಂದೇ ಕೇಸ್ ಶೀಟ್ ಮುಂದಿಟ್ಟುಕೊಂಡು ಕೂರಲಿ, ಮೊದಲ ಮಾತು ನರ್ಸಿಂಗ್ ವಿದ್ಯಾರ್ಥಿಯದಾಗಲಿ. ಅಷ್ಟರಲ್ಲಿ ಓದುಗರು ಮಾಡಬಹುದಾದ್ದೂ ಒಂದಿದೆ. ನಿಮ್ಮ ಮನೆಯವರಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ, ಡಿಸ್ಚಾರ್ಜ್ ಚೀಟಿ ಮಡಚಿ ಇಟ್ಟುಕೊಳ್ಳುವ ಮುನ್ನ ಸಿಸ್ಟರ್ ಹತ್ತಿರ ಎರಡು ಪ್ರಶ್ನೆ ಕೇಳಿ: ಮಗುವಿನ ಕಿವಿ ಪರೀಕ್ಷೆ ಆಯಿತಾ? ಮತ್ತೆ ಯಾವತ್ತು ಬರಬೇಕು?